ಬಿಳಿ ಹೊಗೆ, ರಾತ್ರಿ ಜ್ವರ



ಕೊಳವೆಬಾವಿ ಬತ್ತುತ್ತದೆ. ಮೋಟಾರು ಮೇಲೆ ಎತ್ತುತ್ತೇವೆ. ಹಳೇ ಜಿ.ಐ. ಪೈಪುಗಳು ಹಿತ್ತಲಲ್ಲಿ ಬೀಳುತ್ತವೆ. ಅದೇ ಪೈಪಿನಿಂದ ಕೊಟ್ಟಿಗೆಗೆ ಗೇಟು, ಚಪ್ಪರಕ್ಕೆ ಕಂಬ ಮಾಡಿಕೊಳ್ಳುತ್ತೇವೆ. ಒಳ್ಳೆಯದೇ, ಹಣ ಉಳಿಯುತ್ತದೆ. ಆದರೆ ಜಿ.ಐ. ಪೈಪಿಗೆ ವೆಲ್ಡಿಂಗ್ ಮಾಡುವಾಗ ಒಂದು ಅಪಾಯ ಇದೆ. ಏನದು? ಈ ಕತೆ ಓದಿ.

ಒಂದೂರಲ್ಲಿ ಒಬ್ಬ ರೈತ. ಅವನ ಆಡಿನ ಕೊಟ್ಟಿಗೆಗೆ ಗೇಟು ಬೇಕಿತ್ತು. ವೆಲ್ಡಿಂಗ್ ಮಿಷನ್ ಬಾಡಿಗೆಗೆ ತಂದ. ಹೊರಗೆ ಜಡಿಮಳೆ. ಕೊಟ್ಟಿಗೆಯ ಒಳಗೇ ಕೂತು ಕೆಲಸ ಮಾಡಿದ. ಮುಖಕ್ಕೆ ಟವೆಲು ಕಟ್ಟಿಕೊಂಡಿದ್ದ. ಬೆಸುಗೆ ಹಾಕಿದ ಕಡೆಯೆಲ್ಲ ದಟ್ಟವಾದ ಬಿಳಿ ಹೊಗೆ ಎದ್ದಿತು. ಸಂಜೆಗೆ ಗೇಟು ಸಿದ್ಧವಾಯಿತು.

ರಾತ್ರಿ ಅವನಿಗೆ ಚಳಿ ಹತ್ತಿತು. ಎರಡು ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಮೈ ಕೈ ನೋವು, ಕೆಮ್ಮು, ಬಾಯಾರಿಕೆ. ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ ರುಚಿ.

"ಮಳೇಲಿ ನೆಂದಿದ್ದಕ್ಕೆ ಹಿಂಗಾಗಿದೆ" ಅಂದಳು ಅವ್ವ.

"ವೆಲ್ಡಿಂಗ್‌ಗೆ ಮೊದಲು ಒಂದು ಲೋಟ ಹಾಲು ಕುಡೀಬೇಕಿತ್ತು. ಏನೂ ಆಗ್ತಿರಲಿಲ್ಲ" ಅಂದ ಅಣ್ಣ.

ಬೆಳಿಗ್ಗೆ ಹೆಂಡತಿ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಎದೆ ನೋಡಿದರು. ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ ಕೇಳಿದರು, "ನಿನ್ನೆ ಏನು ಕೆಲಸ ಮಾಡಿದ್ರಿ?"

"ಜಿ.ಐ. ಪೈಪಿಗೆ ವೆಲ್ಡಿಂಗ್ ಮಾಡಿದ್ರು. ಕೊಟ್ಟಿಗೆ ತುಂಬಾ ಬಿಳಿ ಹೊಗೆ ಡಾಕ್ಟ್ರೇ" ಅಂದಳು ಹೆಂಡತಿ.

"ಹೇಳಿದ್ದು ಒಳ್ಳೇದಾಯ್ತಮ್ಮ. ಇದು ಲೋಹದ ಹೊಗೆಯಿಂದ ಬರೋ ಜ್ವರ."

"ಹಾಲು ಕುಡಿದಿದ್ರೆ ಬರ್ತಿರಲಿಲ್ವಾ?"

"ಹಾಲು ಹೊಟ್ಟೆಗೆ ಹೋಗುತ್ತೆ. ಹೊಗೆ ಹೋಗೋದು ಶ್ವಾಸಕೋಶಕ್ಕೆ. ಹಾಲು ಹೊಗೇನ ಹೇಗೆ ತಡೆಯುತ್ತೆ?"

ಹೊಗೆ ಎಲ್ಲಿಂದ ಬಂತು?

ಜಿ.ಐ. ಪೈಪು ಉಕ್ಕಿನದು. ತುಕ್ಕು ಹಿಡಿಯಬಾರದು ಎಂದು ಅದಕ್ಕೆ ಒಳಗೂ ಹೊರಗೂ ಸತುವಿನ ಲೇಪ ಕೊಟ್ಟಿರುತ್ತಾರೆ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸತು 420 ಡಿಗ್ರಿಗೇ ಕರಗುತ್ತದೆ. 907 ಡಿಗ್ರಿಗೆ ಕುದಿದು ಆವಿಯಾಗುತ್ತದೆ. ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದರೆ ಏನಾಗುತ್ತದೆ? ಹೆಂಚು ಹಾಗೇ ಇರುತ್ತದೆ, ನೀರು ಆವಿಯಾಗುತ್ತದೆ. ಇಲ್ಲೂ ಹಾಗೆಯೇ. ಉಕ್ಕು ಕರಗುವ ಮೊದಲೇ ಸತು ಬಿಳಿ ಹೊಗೆಯಾಗುತ್ತದೆ.

ಜ್ವರ ಕೂಡಲೇ ಬರುವುದಿಲ್ಲ. ನಾಲ್ಕರಿಂದ ಹತ್ತು ಗಂಟೆ ಕಳೆದ ಮೇಲೆ ಬರುತ್ತದೆ. ಆದ್ದರಿಂದಲೇ ಹೊಗೆಯ ಮೇಲೆ ನಮಗೆ ಅನುಮಾನ ಬರುವುದಿಲ್ಲ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ಮಾಡಿದ ಕೆಲಸವನ್ನು ಡಾಕ್ಟರಿಗೆ ಹೇಳಿ.

ಹಾಗಾದರೆ ಹೇಗೆ ಮಾಡಬೇಕು?

1. ವೆಲ್ಡಿಂಗ್ ಬೇಕೇ ಬೇಕಾ ಎಂದು ಮೊದಲು ಯೋಚಿಸಿ. ಎಲ್ಬೊ, ಟೀ, ಕ್ಲಾಂಪು, ಬೋಲ್ಟು ಹಾಕಿಯೂ ಪೈಪು ಜೋಡಿಸಬಹುದು. ಆಗ ಹೊಗೆಯೇ ಇಲ್ಲ.

2. ಕೊಟ್ಟಿಗೆಯ ಒಳಗೆ ಬೇಡ. ಬಯಲಲ್ಲಿ ಮಾಡಿ. ಗಾಳಿ ಪಕ್ಕದಿಂದ ಬೀಸುವಂತೆ ಕೂರಿ. ಹೊಗೆಯ ಮೇಲೆ ತಲೆ ಬಗ್ಗಿಸಬೇಡಿ. ಮಕ್ಕಳನ್ನು ದೂರ ಇಡಿ.

3. ಬೆಸುಗೆ ಹಾಕುವ ಜಾಗದ ಎರಡೂ ಕಡೆ ನಾಲ್ಕು ಅಂಗುಲ ಲೇಪ ಉಜ್ಜಿ ತೆಗೆಯಿರಿ. ಗ್ರೈಂಡರ್ ಹಿಡಿಯುವಾಗ ಕನ್ನಡಕ, ಮಾಸ್ಕು ಹಾಕಿಕೊಳ್ಳಿ. ಆ ಧೂಳೂ ಒಳ್ಳೆಯದಲ್ಲ.

4. ಪೈಪಿನ ಒಳಗಿನ ಲೇಪ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ವೆಲ್ಡಿಂಗ್ ಮಾಡುವಾಗಲೂ ಮಾಸ್ಕು ಬೇಕು. ಟವೆಲು ಈ ಹೊಗೆಯನ್ನು ತಡೆಯುವುದಿಲ್ಲ. ಎನ್-95 ಅಥವಾ ಎಫ್‌ಎಫ್‌ಪಿ-2 ಮಾಸ್ಕು ಮುಖಕ್ಕೆ ಬಿಗಿಯಾಗಿ ಕೂರಲಿ. ಅದರ ಮೇಲೆ ಕಪ್ಪು ಗಾಜಿನ ವೆಲ್ಡಿಂಗ್ ಶೀಲ್ಡು ಇರಲಿ.

5. ಪೈಪಿನ ಬಾಯಿ ಮುಚ್ಚಿರಬಾರದು. ಒಳಗಿನ ಗಾಳಿ, ನೀರು ಕಾದರೆ ಪೈಪು ಸಿಡಿಯಬಹುದು.

6. ಮಳೆಯಲ್ಲಿ, ಒದ್ದೆ ನೆಲದಲ್ಲಿ ಮಾಡಬೇಡಿ. ಕರೆಂಟು ಹೊಡೆಯುತ್ತದೆ. ಒಣಗಿದ ಕೈಗವಸು, ಬೂಟು ಹಾಕಿಕೊಳ್ಳಿ.

7. ಲೇಪ ತೆಗೆದ ಜಾಗಕ್ಕೆ ತುಕ್ಕು ಹಿಡಿಯುತ್ತದೆ. ಬೆಸುಗೆ ಆರಿದ ಮೇಲೆ ಜಿಂಕ್ ಪೇಂಟು ಬಳಿಯಿರಿ.

ಎರಡು ದಿನಕ್ಕೆ ರೈತನ ಜ್ವರ ಬಿಟ್ಟಿತು. ಇನ್ನೊಂದು ಗೇಟು ಮಾಡುವುದು ಬಾಕಿ ಇತ್ತು. ಅವನು ಮಳೆ ಬಿಡುವವರೆಗೆ ಕಾದ. ಹೆಂಡತಿ ಕಲಿಕಾ ಕೇಂದ್ರದಲ್ಲಿ ಅಕ್ಷರ ಕಲಿತವಳು. ಕೊಟ್ಟಿಗೆಯ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಳು:

"ಲೇಪ ತೆಗೆಯಿರಿ. ಬಯಲಲ್ಲಿ ಮಾಡಿ. ಮಾಸ್ಕು ಹಾಕಿ."

ಅಣ್ಣ ಅದನ್ನು ನೋಡಿ ಕೇಳಿದ, "ಹಾಲಿನ ವಿಷಯ ಬರೀಲೇ ಇಲ್ವಲ್ಲಮ್ಮ?"

"ಹಾಲು ಡೈರಿಗೆ ಹಾಕೋಣ ಭಾವ, ದುಡ್ಡಾದ್ರೂ ಬರುತ್ತೆ" ಅಂದಳು ಅವಳು.

ಹೊಸ ಪದಗಳು

ಲೇಪ – ಮೇಲೆ ಬಳಿದ ತೆಳು ಪದರ
ಸತು – ಒಂದು ಲೋಹ. ಅಂಗಡಿಯಲ್ಲಿ ಜಿಂಕ್ ಅನ್ನುತ್ತಾರೆ
ಶ್ವಾಸಕೋಶ – ಎದೆಯೊಳಗೆ ಉಸಿರಾಡುವ ಅಂಗ

ಓದಿದಿರಿ, ಈಗ ಉತ್ತರ ಬರೆಯಿರಿ

1. ಹಾಲು ಕುಡಿದರೆ ಈ ಜ್ವರ ಏಕೆ ತಪ್ಪುವುದಿಲ್ಲ?
2. ಲೇಪವನ್ನು ಎಷ್ಟು ಅಂಗುಲ ತೆಗೆಯಬೇಕು?
3. ನಿಮ್ಮೂರಿನಲ್ಲಿ ವೆಲ್ಡಿಂಗ್ ಮಾಡುವವರು ಯಾರು? ಈ ಪಾಠವನ್ನು ಅವರಿಗೆ ಓದಿ ಹೇಳಿ.