ಔಷಧ ಹುಡುಕುವ ಕೆಲಸ ಕಲಿಸಿದ ಆರು ಪಾಠಗಳು

ಮದ್ದೂರಿನಲ್ಲಿ ಬಿ.ಎಸ್ಸಿ., ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದಿ, ಬೆಂಗಳೂರಿನ ಔಷಧ ಸಂಶೋಧನಾ ಪ್ರಯೋಗಾಲಯಗಳಲ್ಲಿ ದುಡಿದವನು ನಾನು. ಊರಿಗೆ ಬಂದಾಗ ಮದ್ದೂರು, ಮಳವಳ್ಳಿ, ಮಂಡ್ಯದ ವಿದ್ಯಾರ್ಥಿಗಳು ಕೇಳುವುದು ಒಂದೇ ಪ್ರಶ್ನೆ: ‘ಆರ್ಗ್ಯಾನಿಕ್ ಕೆಮಿಸ್ಟ್ರಿ ಉರು ಹೊಡೆದು ಏನು ಪ್ರಯೋಜನ ಸರ್?’ ಅವರಿಗೆ ಹೇಳುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

1. ಗಿಡದ ಗುಣ ಗೊತ್ತಿದ್ದರೆ ಸಾಲದು, ಅಣು ಕೈಗೆ ಸಿಗಬೇಕು

ನಮ್ಮ ಬದುಗಳ ಹೊಂಗೆ ಚರ್ಮಕ್ಕೆ ಒಳ್ಳೆಯದೆಂದು ಅಜ್ಜಿಯರಿಗೆ ಗೊತ್ತಿತ್ತು. ಅದರ ಬೀಜದಲ್ಲಿರುವ ಕರಂಜಿನ್ ಎಂಬ ಅಣುವನ್ನು ಬೇರ್ಪಡಿಸಿ, ರಚನೆ ತಿಳಿದದ್ದು ರಸಾಯನಶಾಸ್ತ್ರ. ಚೀನಾದ ತು ಯುಯು ಮಲೇರಿಯಾಕ್ಕೆ ಮದ್ದು ಹುಡುಕುವಾಗ ಹಳೆಯ ವೈದ್ಯಗ್ರಂಥವೊಂದರ ಸುಳಿವು ಹಿಡಿದರು. ಅದರಲ್ಲಿ ಹೇಳಿದ ಗಿಡದಿಂದ ಬಿಸಿ ಮಾಡಿ ತೆಗೆದ ಸಾರ ಸರಿಯಾಗಿ ಕೆಲಸ ಮಾಡಲಿಲ್ಲ. ಕಡಿಮೆ ಉಷ್ಣದಲ್ಲಿ ಈಥರ್ ಬಳಸಿ ತೆಗೆದಾಗ ಗುಣ ಉಳಿಯಿತು. 1972ರಲ್ಲಿ ಆ ಗಿಡದ ಮದ್ದಿನ ಅಣು ಆರ್ಟೆಮಿಸಿನಿನ್ ಶುದ್ಧರೂಪದಲ್ಲಿ ದೊರೆಯಿತು. 2015ರಲ್ಲಿ ಅವರಿಗೆ ನೊಬೆಲ್ ಬಂತು. ದ್ರಾವಕದ ಆಯ್ಕೆಯೇ ಅಲ್ಲಿ ಫಲಿತಾಂಶವನ್ನು ತೀರ್ಮಾನಿಸಿತ್ತು.

2. ಸಿಕ್ಕ ಅಣುವನ್ನು ತಿದ್ದಬೇಕು

ಆರ್ಟೆಮಿಸಿನಿನ್ ನೀರಿನಲ್ಲಿ ಸರಿಯಾಗಿ ಕರಗದು. ಪ್ರಾಣಾಪಾಯದಲ್ಲಿರುವ ರೋಗಿಗೆ ರಕ್ತನಾಳದ ಮೂಲಕ ಕೊಡುವುದು ಹೇಗೆ? ರಸಾಯನಜ್ಞರು ಮದ್ದಿನ ಗುಣಕ್ಕೆ ಕಾರಣವಾದ ಅದರ ಪೆರಾಕ್ಸೈಡ್ ಸೇತುವೆಯನ್ನು ಮುಟ್ಟದೆ, ಇನ್ನೊಂದು ತುದಿಗೆ ಸಕ್ಸಿನಿಕ್ ಆಮ್ಲದ ತುಣುಕು ಜೋಡಿಸಿ ಆರ್ಟೆಸುನೇಟ್ ಮಾಡಿದರು. ತೀವ್ರ ಮಲೇರಿಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮೊದಲು ಸೂಚಿಸುವ ಚುಚ್ಚುಮದ್ದು ಇದು. ಯಾವುದನ್ನು ಮುಟ್ಟಬಾರದು, ಯಾವುದನ್ನು ಬದಲಿಸಬಹುದು ಎಂಬ ವಿವೇಕವೇ ನಮ್ಮ ಕಸುಬಿನ ಜೀವಾಳ.

3. ರೋಗಾಣು ಸತ್ತರೆ ಅರ್ಧ ಕೆಲಸ ಮಾತ್ರ

ನಾನು ಹೆಚ್ಚು ಗೌರವದಿಂದ ನೆನೆಯುವ ಉದಾಹರಣೆ ಬೆಂಗಳೂರಿನದೇ. ಅಲ್ಲಿದ್ದ ಆಸ್ಟ್ರಾಝೆನೆಕಾ ಕಂಪನಿಯ ಸಂಶೋಧನಾ ಕೇಂದ್ರ ಕ್ಷಯರೋಗಕ್ಕೆ ಔಷಧ ಹುಡುಕುತ್ತಿತ್ತು. ಕ್ಷಯದ ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿ ಕಟ್ಟಲು ಬಳಸುವ ಡಿಪಿಆರ್‌ಇ1 ಎಂಬ ಕಿಣ್ವವನ್ನು ತಡೆಯುವ ಅಜಾಇಂಡೋಲ್ ಅಣುಗಳನ್ನು ಅಲ್ಲಿನವರು ಕಂಡುಹಿಡಿದು 2013ರಲ್ಲಿ ಪ್ರಕಟಿಸಿದರು. ಅಣುಗಳು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಿದ್ದವು. ಆದರೆ ಇಲಿಯ ದೇಹದಲ್ಲಿ ಬೇಗ ಒಡೆದುಹೋಗುತ್ತಿದ್ದವು. ಜೊತೆಗೆ ಕಣ್ಣಿನ ಅಕ್ಷಿಪಟಲಕ್ಕೆ ಬೇಕಾದ ಪಿಡಿಇ6 ಕಿಣ್ವವನ್ನೂ ತಡೆಯುತ್ತಿದ್ದವು. ಅಣುವಿನ ಮೂಲ ಚೌಕಟ್ಟು ಉಳಿಸಿಕೊಂಡು, ಅಂಚಿನ ಗುಂಪುಗಳನ್ನು ಬದಲಿಸುತ್ತ ಹೋಗಿ ಎರಡೂ ದೋಷಗಳನ್ನು ಹತೋಟಿಗೆ ತಂದರು. 2014ರಲ್ಲಿ ಆ ಕೆಲಸವೂ ಪ್ರಕಟವಾಯಿತು. ಹಾಗೆ ಬಂದ ಟಿಬಿಎ-7371 ಎಂಬ ಅಣು ಮುಂದೆ ಮನುಷ್ಯರ ಮೇಲಿನ ಪರೀಕ್ಷೆಯವರೆಗೂ ಹೋಯಿತು. ಬಡವರ ಕಾಯಿಲೆಗಾಗಿ ನಮ್ಮ ರಾಜ್ಯದಲ್ಲಿ ನಡೆದ ಈ ಕೆಲಸ ನಮ್ಮ ತರಗತಿಗಳಲ್ಲಿ ಹೇಳುವಂಥದ್ದು.

4. ಒಂದು ದೇಹದ ಮದ್ದು ಇನ್ನೊಂದಕ್ಕೆ ವಿಷ

ಮದ್ದೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ರಾಮನಗರದ ರಾಮದೇವರಬೆಟ್ಟವಿದೆ, ರಣಹದ್ದುಗಳ ಅಭಯಾರಣ್ಯ. ದನಗಳ ನೋವಿಗೆ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿ ಮೂತ್ರಪಿಂಡ ಕೆಡಿಸುತ್ತದೆಂದು 2004ರಲ್ಲಿ ಸಾಬೀತಾಯಿತು. 2006ರಲ್ಲಿ ಸರ್ಕಾರ ಅದನ್ನು ಪಶುವೈದ್ಯದಲ್ಲಿ ನಿಷೇಧಿಸಿತು. ಅದೇ ನೋವಿಗೆ ಕೊಡುವ ಮೆಲಾಕ್ಸಿಕ್ಯಾಮ್ ರಣಹದ್ದುಗಳಿಗೆ ಸುರಕ್ಷಿತವೆಂದು ಕಂಡುಬಂತು. ಅಣುವಿನ ರಚನೆ ಬೇರೆಯಾದರೆ ದೇಹದೊಳಗಿನ ಅದರ ಗತಿಯೂ ಬೇರೆ.

5. ಶುದ್ಧತೆಗೆ ರಿಯಾಯಿತಿ ಇಲ್ಲ

ಕಾಲೇಜಿನಲ್ಲಿ ಸ್ಯಾಲಿಸಿಲಿಕ್ ಆಮ್ಲದಿಂದ ಆಸ್ಪಿರಿನ್ ಮಾಡಿ, ಮರುಸ್ಫಟಿಕೀಕರಿಸಿ, ಸುಮಾರು 135 ಡಿಗ್ರಿಯ ಕರಗುಬಿಂದು ನೋಡುತ್ತೀರಲ್ಲ, ಅದು ಅಂಕಕ್ಕಾಗಿ ಮಾಡುವ ಶಾಸ್ತ್ರವಲ್ಲ. ಮಾದರಿಯಲ್ಲಿ ಉಳಿದ ಚೂರು ಕಲ್ಮಶವೇ ರೋಗಾಣುವನ್ನು ಕೊಂದು, ಇಡೀ ತಂಡ ತಪ್ಪು ಅಣುವಿನ ಬೆನ್ನು ಹತ್ತುವ ಅಪಾಯ ನಿಜವಾದದ್ದು. ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ತೋರಿಸುವ ಟಿಎಲ್‌ಸಿ ಫಲಕದಲ್ಲಿ ಎರಡು ಚುಕ್ಕೆ ಕಂಡರೆ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.

6. ಗ್ರಾಂನಿಂದ ಟನ್‌ಗೆ ಹೋಗುವ ದಾರಿಯೂ ಸಂಶೋಧನೆಯೇ

ಐಬುಪ್ರೊಫೇನ್ ಮಾಡಲು ಮೊದಲು 6 ಹಂತಗಳು ಬೇಕಿದ್ದವು. ಮುಂದೆ ಅದನ್ನು 3 ಹಂತಗಳಲ್ಲಿ, ಬಹಳ ಕಡಿಮೆ ತ್ಯಾಜ್ಯದೊಂದಿಗೆ ಮಾಡುವ ದಾರಿ ಬಂತು. ಹಂತ ಇಳಿದರೆ ಖರ್ಚು ಇಳಿಯುತ್ತದೆ. ಮಾತ್ರೆಯ ಬೆಲೆ ಹಳ್ಳಿಯ ರೋಗಿಗೆ ಎಟುಕುವಂತಾಗಲು ಮೊದಲ ದಾರಿ ಅದು.

ಮಂಡ್ಯ ಜಿಲ್ಲೆಯ ವಿದ್ಯಾರ್ಥಿಗಳೇ, ಕ್ರಿಯೆಗಳ ಹೆಸರು ಉರು ಹೊಡೆಯಬೇಡಿ. ಎಲೆಕ್ಟ್ರಾನು ಎಲ್ಲಿಂದ ಎಲ್ಲಿಗೆ, ಏಕೆ ಹೋಯಿತೆಂದು ಬಿಡಿಸಿ ನೋಡಿ. ಅಧ್ಯಾಪಕರೇ, ಪ್ರಾಯೋಗಿಕ ತರಗತಿಯನ್ನು ದಯವಿಟ್ಟು ಕೈಬಿಡಬೇಡಿ. ಕಂಪ್ಯೂಟರ್ ಎಷ್ಟೇ ಒಳ್ಳೆಯ ಅಣುವನ್ನು ಸೂಚಿಸಿದರೂ, ಅದನ್ನು ಯಾರಾದರೂ ಮಾಡಿಕೊಡುವವರೆಗೆ ರೋಗಿಗೆ ಮದ್ದು ಸಿಗದು. ಆ ಮಾಡುವ ಕೈಗಳು ನಮ್ಮ ತಾಲ್ಲೂಕುಗಳಿಂದಲೂ ಬರಲಿ.