ಮುರಿದ ಕಾಲು ಮತ್ತು ಬೀಡಿ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಗಂಡ ತೆಂಗಿನ ಮರದಿಂದ ಬಿದ್ದರು. ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಆಪರೇಷನ್ ಮಾಡಿ ರಾಡು ಹಾಕಬೇಕಾಯಿತು.

ಡಾಕ್ಟರು ಮೊದಲೇ ಕೇಳಿದ್ದರು. "ಬೀಡಿ ಸೇದ್ತೀರಾ?"

"ಇಲ್ಲ ಸಾರ್" ಎಂದರು ಗಂಡ.

ಅಕ್ಕ ಪಕ್ಕದಲ್ಲೇ ನಿಂತಿದ್ದರು. ದಿನಕ್ಕೆ ಒಂದು ಕಟ್ಟು ಬೀಡಿ ಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಆದರೂ ಸುಮ್ಮನಿದ್ದರು. ನಾಲ್ಕು ಜನರ ಮುಂದೆ ಗಂಡನ ಮಾತು ಸುಳ್ಳು ಎನ್ನುವುದು ಹೇಗೆ?

ಮನೆಗೆ ಬಂದ ಮೇಲೆ ಮಂಚದ ಮೇಲೇ ಬೀಡಿ ಶುರುವಾಯಿತು. ಅಂಗಡಿಯಿಂದ ತಂದುಕೊಟ್ಟವರು ಅಕ್ಕನೇ. "ನೋವು ಮರೀಲಿ ಅಂತ ಕೊಟ್ಟೆ ಕಣ್ರೀ ಟೀಚರ್" ಎಂದು ಅತ್ತರು. ಗಾಯ ಕೀವಾಯಿತು. ಆರು ತಿಂಗಳಾದರೂ ಮೂಳೆ ಕೂಡಲಿಲ್ಲ. ಮತ್ತೆ ಆಪರೇಷನ್ ಆಯಿತು. ಸಾಲವೂ ಆಯಿತು.

ಇದಕ್ಕೆ ಬೀಡಿಯೊಂದೇ ಕಾರಣ ಎಂದು ನಾವು ಹೇಳುವುದಿಲ್ಲ. ಆದರೆ ಬೀಡಿ, ಸಿಗರೇಟು ಸೇದುವವರಲ್ಲಿ ಹೀಗಾಗುವುದು ಹೆಚ್ಚು.

ಏಕೆ ಹೀಗೆ?

ಗಾಯ ಮಾಯಲು, ಮೂಳೆ ಕೂಡಲು ರಕ್ತ ಬೇಕು. ರಕ್ತವು ಆಮ್ಲಜನಕವನ್ನು ಹೊತ್ತು ತರುತ್ತದೆ. ಹೊಗೆಸೊಪ್ಪಿನಲ್ಲಿ ನಿಕೋಟಿನ್ ಎಂಬ ವಿಷ ಇದೆ. ಅದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಕಾಲುವೆ ಕಿರಿದಾದರೆ ಕೊನೇ ಮಡಿಗೆ ನೀರು ಸರಿಯಾಗಿ ಹೋಗುತ್ತದೆಯೇ? ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವೂ ಇದೆ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಇದು ಬಂದು ಕೂರುತ್ತದೆ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ!

ಸೇದುವವರ ಶ್ವಾಸಕೋಶದಲ್ಲಿ ಕಫವೂ ಹೆಚ್ಚು. ಮತ್ತಿನ ಔಷಧ ಕೊಟ್ಟಾಗ ಉಸಿರಿನ ತೊಂದರೆ ಆಗಬಹುದು. ಆಮೇಲೆ ನ್ಯುಮೋನಿಯಾ ಬರಬಹುದು. ಡಾಕ್ಟರು ಬೀಡಿ ವಿಷಯ ಕೇಳುವುದು ಇದಕ್ಕೇ. ಬೈಯಲು ಅಲ್ಲ.

ಆಪರೇಷನ್ ದಿನ ಮೊದಲೇ ಗೊತ್ತಿದ್ದರೆ ಕನಿಷ್ಠ 4 ವಾರ ಮುಂಚೆ ಬೀಡಿ ಬಿಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇದನ್ನೇ ಹೇಳಿತು. ಆದರೆ ಮರದಿಂದ ಬೀಳುವವರು ತಿಂಗಳ ಮುಂಚೆ ಹೇಳಿ ಬೀಳುತ್ತಾರೆಯೇ? ಅಂಥವರು ಬಿದ್ದ ದಿನವೇ ಬಿಡಬೇಕು. ಬಿಟ್ಟ ಒಂದೆರಡು ದಿನದಲ್ಲೇ ಆ ಕೆಟ್ಟ ಅನಿಲ ರಕ್ತದಿಂದ ಹೋಗುತ್ತದೆ. ಮೂಳೆ ಕೂಡುವ ತನಕ ಮತ್ತೆ ಮುಟ್ಟಬಾರದು. ಕಾಲು ಮುರಿದವರು ಅಂಗಡಿಗೆ ನಡೆದು ಹೋಗಲಾರರು. ತಂದುಕೊಡುವವರು ನಾವೇ ತಾನೆ?

ಬಿಟ್ಟ ಹೊಸದರಲ್ಲಿ ಸಿಡುಕುತ್ತಾರೆ, ನಿದ್ದೆ ಬರೋದಿಲ್ಲ. 1800-11-2356ಕ್ಕೆ ಫೋನ್ ಮಾಡಿದರೆ ಬಿಡುವ ದಾರಿ ಹೇಳುತ್ತಾರೆ. ದುಡ್ಡು ಇಲ್ಲ.

ನಮ್ಮಲ್ಲೂ ಕೆಲವರು ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾರೆ. ಅದರಲ್ಲೂ ನಿಕೋಟಿನ್ ಇದೆ. ಹೆರಿಗೆಯ ಆಪರೇಷನ್ ಇರಲಿ, ಗರ್ಭಕೋಶದ ಆಪರೇಷನ್ ಇರಲಿ, ಅದನ್ನೂ ಡಾಕ್ಟರಿಗೆ ಹೇಳಬೇಕು.

ಎಲ್ಲರ ಮುಂದೆ ಹೇಳಲು ಸಂಕೋಚವೇ? ಈಗ ನಮಗೆ ಬರೆಯಲು ಬರುತ್ತದೆ. ಒಂದು ಚೀಟಿ ಬರೆದು ನರ್ಸಮ್ಮನ ಕೈಗೆ ಕೊಡೋಣ.

ಓದಿ, ತುಂಬಿ ಬರೆಯಿರಿ:

ನಮ್ಮ ಮನೆಯವರು ದಿನಕ್ಕೆ ........ ಬೀಡಿ ಸೇದುತ್ತಾರೆ.
........ ವರ್ಷದಿಂದ ಸೇದುತ್ತಿದ್ದಾರೆ.
ಕೊನೆಯ ಬೀಡಿ ಸೇದಿದ್ದು ........