ದಂತಧಾವನ: ಕೈಬ್ರಷ್ಷೋ, ವಿದ್ಯುತ್ ಬ್ರಷ್ಷೋ?



ಪರವೂರಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಹಬ್ಬಕ್ಕೆ ಬರುವಾಗ ತಂದೆತಾಯಿಯರಿಗೆ ವಿದ್ಯುತ್ ಹಲ್ಲುಜ್ಜುವ ಬ್ರಷ್ ತರುವುದು ಈಗ ಅಪರೂಪವಲ್ಲ. ಅದನ್ನು ಕಂಡ ಹಿರಿಯರು, “ಬೇವಿನ ಕಡ್ಡಿಯಿಂದ ಉಜ್ಜಿ ಬೆಳೆದವರು ನಾವು; ಹಲ್ಲುಜ್ಜಲಿಕ್ಕೂ ಯಂತ್ರ ಬೇಕೇ?” ಎಂದು ಕೇಳುವುದುಂಟು. ಈ ಪ್ರಶ್ನೆಯನ್ನು ಸಾವಧಾನವಾಗಿ ವಿಚಾರಿಸೋಣ.

ಶಾಸ್ತ್ರದ ಆಶಯ

ಆಯುರ್ವೇದವು ದಂತಧಾವನವನ್ನು ದಿನಚರ್ಯೆಯ ಮೊದಲ ಕರ್ಮಗಳಲ್ಲಿ ಸೇರಿಸಿದೆ. ಚರಕಸಂಹಿತೆಯು ಅದನ್ನು ದಿನಕ್ಕೆ ಎರಡು ಬಾರಿ ವಿಧಿಸಿದೆ. ಸುಶ್ರುತರು ಕಡ್ಡಿಯು 12 ಅಂಗುಲ ಉದ್ದ, ಕಿರುಬೆರಳಿನಷ್ಟು ದಪ್ಪವಿರಬೇಕೆಂದರು. ವಾಗ್ಭಟರು ಅಷ್ಟಾಂಗಹೃದಯದಲ್ಲಿ ಎಕ್ಕ, ಆಲ, ಕಗ್ಗಲಿ, ಹೊಂಗೆ ಮೊದಲಾದ ಮರಗಳನ್ನು ಹೆಸರಿಸಿ, ಕಡ್ಡಿಯ ತುದಿಯನ್ನು ಮೆತ್ತಗೆ ಜಜ್ಜಿ, ವಸಡಿಗೆ ಬಾಧೆಯಾಗದಂತೆ ಉಜ್ಜಬೇಕೆಂದು ಎಚ್ಚರಿಸಿದರು. ಅರ್ದಿತ, ಅಂದರೆ ಮುಖದ ಪಾರ್ಶ್ವವಾಯು, ಇರುವವರಿಗೆ ಕಡ್ಡಿ ಬೇಡವೆಂದೂ ಹೇಳಿದರು. ಸಾಧನವು ವ್ಯಕ್ತಿಯ ದೇಹಸ್ಥಿತಿಗೆ ತಕ್ಕಂತಿರಬೇಕೆಂಬುದೇ ಇದರ ಆಶಯ.

ಆಧುನಿಕ ಪರೀಕ್ಷೆಯ ಮಾತು

ಹಲ್ಲು ಮತ್ತು ವಸಡು ಕೂಡುವ ಅಂಚಿನಲ್ಲಿ ಸೂಕ್ಷ್ಮಜೀವಿಗಳ ಅಂಟುಪದರವೊಂದು ನಿತ್ಯವೂ ಕಟ್ಟುತ್ತದೆ. ತೆಗೆಯದಿದ್ದರೆ ಅದು ಗಾರೆಯಂತೆ ಗಟ್ಟಿಯಾಗಿ, ವಸಡು ಊದಿ ರಕ್ತ ಬರುತ್ತದೆ. ಕಾಲಾಂತರದಲ್ಲಿ ಹಲ್ಲು ಅಲುಗಾಡುತ್ತದೆ. ಮಧುಮೇಹಿಗಳಿಗೆ ಇದು ದ್ವಿಗುಣ ಹಾನಿ: ಸಕ್ಕರೆ ಹೆಚ್ಚಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ.

ಎರಡು ಬಗೆಯ ಬ್ರಷ್ಷುಗಳನ್ನು ಹೋಲಿಸಿದ 51 ಪ್ರಯೋಗಗಳ ಫಲಿತಾಂಶವನ್ನು ಕಾಕ್ರೇನ್ ಸಂಸ್ಥೆಯು 2014ರಲ್ಲಿ ಒಟ್ಟುಗೂಡಿಸಿತು. ಅದರಲ್ಲಿ ಭಾಗವಹಿಸಿದವರು 4,624 ಜನ. ವಿದ್ಯುತ್ ಬ್ರಷ್ ಬಳಸಿದವರಲ್ಲಿ ಮೂರು ತಿಂಗಳೊಳಗೆ ಅಂಟುಪದರ ಶೇ. 11ರಷ್ಟು, ಅನಂತರ ಶೇ. 21ರಷ್ಟು ಕಡಿಮೆಯಿತ್ತು, ವಸಡಿನ ಊತ ಕ್ರಮವಾಗಿ ಶೇ. 6 ಮತ್ತು 11ರಷ್ಟು ಕಡಿಮೆಯಿತ್ತು. ಲಾಭವಿದೆ, ಆದರೆ ಕೈಬ್ರಷ್ಷನ್ನು ಸರಿಯಾಗಿ ಬಳಸುವವರು ಅದನ್ನು ಬಿಸಾಡಬೇಕಾದಷ್ಟಲ್ಲ.

ನಾವು ಕಲಿತ ಪಾಠ

ನಮ್ಮ ಬಳಿ ಚಿಕಿತ್ಸೆಗೆ ಬರುತ್ತಿದ್ದ ವಯೋವೃದ್ಧ ತಾಯಿಯೊಬ್ಬರಿಗೆ ಪಕ್ಷಾಘಾತದಿಂದ ಬಲಗೈ ಸ್ವಾಧೀನ ತಪ್ಪಿತ್ತು. ವಸಡಿನಲ್ಲಿ ರಕ್ತ ಬರುತ್ತದೆಂದಾಗ ತ್ರಿಫಲಾ ಕಷಾಯದಿಂದ ಬಾಯಿ ಮುಕ್ಕಳಿಸಲು ಹೇಳಿ ಕಳುಹಿಸಿದೆವು. ಎರಡು ತಿಂಗಳಾದರೂ ಗುಣವಾಗಲಿಲ್ಲ. “ಹೇಗೆ ಉಜ್ಜುತ್ತೀರಿ, ತೋರಿಸಿರಿ ತಾಯಿ” ಎಂದಾಗ ಎಡಗೈಯ ಬ್ರಷ್ ಮುಂದಿನ ನಾಲ್ಕು ಹಲ್ಲುಗಳನ್ನು ದಾಟಲಿಲ್ಲ. ಮಗ ತಂದ ವಿದ್ಯುತ್ ಬ್ರಷ್ ಡಬ್ಬಿಯಲ್ಲಿಯೇ ಇತ್ತು. “ನೀವೇ ಬೇಡ ಅಂದಿದ್ರಲ್ರೀ” ಎಂದರು. ಹೌದು, ಅದು ಅನವಶ್ಯಕ ಖರ್ಚೆಂದು ಹಿಂದೆ ನಾವೇ ನುಡಿದಿದ್ದೆವು. ಅವರ ಕೈಯನ್ನು ನೋಡದೆ ಆಡಿದ ಮಾತದು. ದಂತವೈದ್ಯರಿಂದ ಹಲ್ಲು ಶುದ್ಧಿ ಮಾಡಿಸಿ, ಎಡಗೈಯಿಂದಲೇ ಆ ಬ್ರಷ್ ಹಿಡಿಯುವುದನ್ನು ರೂಢಿಸಿದ ಮೇಲೆ ರಕ್ತ ನಿಂತಿತು.

ಯಾರಿಗೆ ಯಾವುದು?

ಕೈ ಸ್ವಾಧೀನದಲ್ಲಿದ್ದು ತಾಳ್ಮೆಯಿರುವವರಿಗೆ ಮೆತ್ತನೆಯ ಎಳೆಗಳ ಸಾಮಾನ್ಯ ಬ್ರಷ್ ಸಾಕು. ಅದನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು, ಹಗುರವಾಗಿ ಎರಡು ನಿಮಿಷ ಉಜ್ಜಬೇಕು. ಸಂಧಿವಾತ, ಕಂಪವಾತ, ಪಕ್ಷಾಘಾತದಿಂದ ಬಳಲುವವರಿಗೂ ಹಾಸಿಗೆ ಹಿಡಿದ ಹಿರಿಯರ ಹಲ್ಲುಜ್ಜುವ ಮನೆಯವರಿಗೂ ವಿದ್ಯುತ್ ಬ್ರಷ್ ಭೋಗವಸ್ತುವಲ್ಲ, ಊರುಗೋಲು. ಅದನ್ನು ಬಳಸುವಾಗ ತಿಕ್ಕಬಾರದು. ಒಂದೊಂದು ಹಲ್ಲಿನ ಮೇಲೂ ಕ್ಷಣಕಾಲ ಇರಿಸಿ ಮುಂದೆ ಸರಿಸಬೇಕು. ಯಾವ ಬ್ರಷ್ಷಾದರೂ ಮೂರು ತಿಂಗಳಿಗೊಮ್ಮೆ, ವಿದ್ಯುತ್ ಬ್ರಷ್ಷಾದರೆ ಅದರ ತಲೆಯನ್ನು, ಬದಲಿಸಬೇಕು. ಕೊಳ್ಳುವ ಮುನ್ನ ಈ ಖರ್ಚನ್ನೂ ಲೆಕ್ಕಿಸಿರಿ. ಫ್ಲೋರೈಡ್‌ಯುಕ್ತ ಪೇಸ್ಟ್ ಇರಲಿ. ಇದ್ದಿಲು, ಇಟ್ಟಿಗೆ ಪುಡಿ ಮತ್ತು ತಂಬಾಕಿನ ಪುಡಿ ಸರ್ವಥಾ ಬೇಡ.

ರಕ್ತ ಬರುತ್ತದೆಂದು ಉಜ್ಜುವುದನ್ನು ಬಿಡುವುದು ತಪ್ಪು. ಒಂದೆರಡು ವಾರದಲ್ಲಿ ಅದು ನಿಲ್ಲದಿದ್ದರೆ ದಂತವೈದ್ಯರನ್ನು ಕಾಣಿರಿ.

ಬೆಳಿಗ್ಗೆ ಇಷ್ಟಲಿಂಗ ಪೂಜೆಗೆ ಮುನ್ನ ತಪ್ಪದೆ ಹಲ್ಲುಜ್ಜುವ ನಾವು ರಾತ್ರಿ ಪ್ರಸಾದದ ನಂತರ ಅದನ್ನು ಮರೆಯುತ್ತೇವೆ. ಇಂದಿನಿಂದ ಮರೆಯದಿರೋಣ. ಮನೆಯ ಹಿರಿಯರು ಹಲ್ಲುಜ್ಜುವಾಗ ಒಮ್ಮೆ ಪಕ್ಕದಲ್ಲಿ ನಿಂತು ಅವರ ಕೈಯನ್ನು ನೋಡಿರಿ. ಯಾವ ಬ್ರಷ್ ಬೇಕೆಂಬುದನ್ನು ಆ ಕೈಯೇ ತಿಳಿಸುತ್ತದೆ.